ಕರಿ ಕಂಬಳಿಗೆ ಹೆದರುವ ಕ್ಯಾಮೆರಾ

ಆ ಡಿಜಿಟಲ್ ಕ್ಯಾಮೆರಾ ಅಂಗೈಯಗಲ ಇತ್ತು. ಬೆಳ್ಳಿ ಬಣ್ಣ, ಮುಂದೆ ಜಾರಿಸುವ ಮುಚ್ಚಳ, ಹಿಂದೆ ಬೆಂಕಿಪೊಟ್ಟಣದಷ್ಟು ಪರದೆ. ಮೊಳಕಾಲ್ಮುರಿನಲ್ಲಿರುವ ನನ್ನ ಅಣ್ಣ ಅದನ್ನು ಬಳ್ಳಾರಿಯಿಂದ ತಂದು ಒಂದು ವರ್ಷ ಬಳಸಿ, ಅದಕ್ಕಿಂತ ಒಳ್ಳೆಯದು ಸಿಕ್ಕ ಮೇಲೆ ನನ್ನ ಕೈಗೆ ದಾಟಿಸಿದ. "ರೀಲು ಬ್ಯಾಡ, ತೊಳೆಸೋದು ಬ್ಯಾಡ, ಒತ್ತಿದ್ರೆ ಸಾಕು" ಅಂದಿದ್ದ. ಆ 'ಒತ್ತಿದ್ರೆ ಸಾಕು' ಎಂಬ ಮಾತಿಗೆ ಅವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅದನ್ನು ಒತ್ತಬೇಕಾಗಿ ಬಂದದ್ದು ನನ್ನ ಮಾವನಿಗಾಗಿ. ಚಳ್ಳಕೆರೆಯಿಂದ ನನ್ನಿವಾಳದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಮಾವ ಕಂಬಳಿ ನೇಯುವವರು. ಪಡಸಾಲೆಯಲ್ಲೇ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತರೆ ಮತ್ತೆ ಏಳುವುದು ಊಟಕ್ಕೇ. ಕುರಿಯ ಕರಿ ಉಣ್ಣೆಯ ನೂಲಿಗೆ ಹುಣಸೆ ಬೀಜದ ಗಂಜಿ ಹಚ್ಚಿ, ಒಣಗಿಸಿ, ಮಗ್ಗಕ್ಕೆ ಏರಿಸಿ ಅವರು ನೇಯ್ದ ಕಂಬಳಿ ಮಳೆಯಲ್ಲಿ ಹೊದ್ದರೆ ಒಂದು ಹನಿ ಒಳಗೆ ಬರುತ್ತಿರಲಿಲ್ಲ. ಐವತ್ತು ವರ್ಷದಿಂದ ಅದೇ ಕೆಲಸ.

ಆ ವರ್ಷ ನೇಕಾರರಿಗೆ ಗುರುತಿನ ಚೀಟಿ ಕೊಡುತ್ತಾರೆಂದು ಪಟ್ಟಿ ಮಾಡಲು ಒಬ್ಬ ಬಂದ. ಅವನು ಬಂದ ಹೊತ್ತಿಗೆ ಮಾವ ಆವತ್ತೊಂದು ದಿನ ಪಕ್ಕದವರ ಹೊಲದಲ್ಲಿ ಶೇಂಗಾ ಕೀಳುತ್ತಿದ್ದರು. ಅವನು ಹೊಲದ ಬದುವಿನಲ್ಲೇ ನಿಂತು ಹೆಸರು ಕೇಳಿ, ಹೆಸರಿನ ಮುಂದಿನ ಕಾಲಮಿನಲ್ಲಿ 'ಕೂಲಿ' ಎಂದು ಬರೆದುಕೊಂಡು ಹೋಗಿಬಿಟ್ಟ. ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದಾಗ ಅದನ್ನು ಮೊದಲು ಓದಿದವಳು ನಾನೇ. ಅಂಗನವಾಡಿ ಟೀಚರ್ ಆಗಿದ್ದರಿಂದ ಊರಿನ ಕಾಗದಪತ್ರವೆಲ್ಲ ನನ್ನ ತಲೆಗೇ ಬರುತ್ತಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದೆ. ಮಾವ ಆಗಷ್ಟೇ ಊಟಕ್ಕೆ ಕೂತಿದ್ದರು. ಮುದ್ದೆ ಮುರಿದಿದ್ದ ಕೈ ತಟ್ಟೆಯಲ್ಲೇ ನಿಂತಿತು.

"ಮತ್ತೆ ಐವತ್ತು ವರ್ಷ ಗುಂಡಿಯಾಗ ಕುಂತಿದ್ದವ್ನು ಯಾರು?" ಎಂದು ಕೇಳಿದರು. ಕೇಳಿದ್ದು ಪಡಸಾಲೆಯ ಕಂಬವನ್ನು. ಆಮೇಲೆ ಕೈ ತೊಳೆದು ಎದ್ದುಬಿಟ್ಟರು.

ಕಂಬವನ್ನು ಯಾಕೆ ಕೇಳಿದರೆಂದರೆ, ನಮ್ಮ ಮನೆಯಲ್ಲಿ ಮಾವನೂ ಸೊಸೆಯೂ ಮಾತಾಡುವುದಿಲ್ಲ. ಜಗಳವಲ್ಲ, ಮರ್ಯಾದೆ. ಸೊಸೆ ಮಾವನ ಎದುರು ನಿಲ್ಲಬಾರದು, ಮುಖ ನೋಡಬಾರದು, ಹೇಳುವುದಿದ್ದರೆ ಅತ್ತೆಯ ಮೂಲಕ ಹೇಳಬೇಕು. ಅತ್ತೆ ನಡುವೆ ಕೂತಿರುತ್ತಾರೆ, ನಾನು ಹೇಳಿದ್ದು ಮಾವನಿಗೆ ಸ್ಪಷ್ಟವಾಗಿ ಕೇಳಿರುತ್ತದೆ, ಆದರೂ ಅತ್ತೆ ಅದನ್ನೇ ಮತ್ತೊಮ್ಮೆ ಹೇಳುವ ತನಕ ಅವರು ಕೇಳದವರ ಹಾಗೆ ಇರುತ್ತಾರೆ. ತವರಿನಲ್ಲಿ ನನ್ನಪ್ಪ ಬೇರೆಯವರ ರೇಷ್ಮೆ ಮಗ್ಗದಲ್ಲಿ ನೇಯುತ್ತಿದ್ದರು. ಅಲ್ಲಿ ಕನ್ನಡ ತೆಲುಗು ಎರಡರಲ್ಲೂ ಕೂಗಾಡಿಕೊಂಡು ಬೆಳೆದ ನನಗೆ ಈ ಮನೆಯ ಮೌನ ಒಂಬತ್ತು ವರ್ಷವಾದರೂ ಮೈಗೆ ಹಿಡಿದಿರಲಿಲ್ಲ.

ತಕರಾರು ಅರ್ಜಿ ಹಾಕಲು ಹತ್ತು ದಿನದ ಅವಕಾಶ ಇತ್ತು. ಅರ್ಜಿಯ ಜೊತೆಗೆ, ಮಗ್ಗದಲ್ಲಿ ಕೂತು ನೇಯುತ್ತಿರುವ ಫೋಟೋ ಬೇಕು. ಮುಖವೂ ಕಾಣಬೇಕು, ಮಗ್ಗವೂ ಕಾಣಬೇಕು. ಎಣ್ಣೆ ಮಿಲ್ಲಿನ ಲಾರಿ ಓಡಿಸುವ ನನ್ನ ಗಂಡ ಆಗ ಊರಲ್ಲಿರಲಿಲ್ಲ; ಅವರು ತಿರುಗಿ ಬರುವುದರೊಳಗೆ ಗಡುವು ಮುಗಿಯುತ್ತಿತ್ತು. ಸ್ಟುಡಿಯೋದವರು ಹಳ್ಳಿಗೆ ಬರುವುದು ಮದುವೆಗೆ ಮಾತ್ರ. ಉಳಿದದ್ದು ನಾನು, ಮತ್ತು ಒತ್ತಿದರೆ ಸಾಕಾಗುವ ಆ ಡಬ್ಬಿ.

ಮೊದಲ ದಿನ ತೆಗೆದ ಫೋಟೋಗಳೆಲ್ಲ ಹಳದಿ ಮಂಜು. ಮಗ್ಗವಿಲ್ಲ, ಮಾವನಿಲ್ಲ, ಗೋಡೆ ಕೂಡ ಇಲ್ಲ. ಕ್ಯಾಮೆರಾ ಕೆಟ್ಟಿತೆಂದು ಅಣ್ಣನಿಗೆ ಮನಸ್ಸಿನಲ್ಲೇ ಬೈದು ಮುಗಿಸಿದ ಮೇಲೆ ಮುಂದಿನ ಗಾಜು ನೋಡಿದೆ. ಅದಕ್ಕೆ ಎಣ್ಣೆಯಲ್ಲಿ ಕಲಸಿದ ಭಂಡಾರ ಮೆತ್ತಿತ್ತು. ನಾನು ಅಂಗನವಾಡಿಗೆ ಹೋಗಿದ್ದಾಗ ಅತ್ತೆ ಅದಕ್ಕೆ ಪೂಜೆ ಮಾಡಿದ್ದರು. ಹೊಸ ನೇಗಿಲಿಗೂ ಮಗ್ಗಕ್ಕೂ ಮಗನ ಲಾರಿಗೂ ದೇವರ ಅರಿಸಿನ ಹಚ್ಚಿಯೇ ಕೆಲಸಕ್ಕೆ ಇಳಿಸಿದ ಕೈ ಅದು.

"ಹಣೆ ಯಾವುದು ಅಂತ ಹುಡುಕ್ದೆ, ಸಿಗ್ಲಿಲ್ಲ. ಮುಚ್ಳ ಜಾರಿಸಿದ್ರೆ ಕಣ್ಣು ಕಾಣ್ತು. ಅದಕ್ಕೇ ಹಚ್ದೆ" ಎಂದರು ಅತ್ತೆ, ಮುಖದಲ್ಲಿ ಒಂದಿಷ್ಟೂ ತಪ್ಪಿನ ಭಾವವಿಲ್ಲದೆ.

ಸೆರಗಿನಿಂದ ಒರೆಸಿದೆ, ಇನ್ನಷ್ಟು ಹರಡಿತು. ಹತ್ತಿಯಿಂದ ಒರೆಸಿದೆ, ಎಳೆ ಅಂಟಿಕೊಂಡಿತು. ಕೊನೆಗೆ ಮಾವನ ಕನ್ನಡಕದ ಬಟ್ಟೆಯನ್ನು ಅತ್ತೆಯ ಮೂಲಕ ಕೇಳಿ ತರಿಸಿಕೊಂಡು ಅರ್ಧ ದಿನ ಉಜ್ಜಿದೆ.

ಸೆಲ್ಲಿನದು ಇನ್ನೊಂದು ಕಾಟ. ಊರಂಗಡಿಯ ರೇಡಿಯೋ ಸೆಲ್ಲು ಎರಡು ಹಾಕಿದರೆ ಮೂರು ಫೋಟೋ. ನಾಲ್ಕನೆಯದಕ್ಕೆ ಬೆರಳಿಟ್ಟರೆ ಪರದೆ ಕಪ್ಪಾಗುತ್ತಿತ್ತು. ಅದೇ ಸೆಲ್ಲನ್ನು ತೆಗೆದು ರೇಡಿಯೋಗೆ ಹಾಕಿದರೆ ತಿಂಗಳುಗಟ್ಟಲೆ ಹಾಡುತ್ತಿತ್ತು, ಅದು ನನ್ನನ್ನು ಅಣಕಿಸಲಿಕ್ಕೇ ಹಾಡುತ್ತದೆ ಅನ್ನಿಸುತ್ತಿತ್ತು. ಒಂದು ನಿಮಿಷ ಸುಮ್ಮನೆ ಬಿಟ್ಟರೆ ಕ್ಯಾಮೆರಾ ತಾನಾಗಿಯೇ ಮಲಗುತ್ತಿತ್ತು. ಎಬ್ಬಿಸಲು ಮತ್ತಷ್ಟು ಸೆಲ್ಲು ಖರ್ಚು.

ಎಲ್ಲಕ್ಕಿಂತ ದೊಡ್ಡ ತೊಂದರೆ ಅದರ ಕಣ್ಣು. ಅಣ್ಣನ ಹೊಸ ಕ್ಯಾಮೆರಾದ ಮೂತಿ ಮುಂದೆ ಬರುತ್ತಿತ್ತು, ದೂರದ್ದನ್ನು ಹತ್ತಿರ ಎಳೆಯುತ್ತಿತ್ತು. ಇದರ ಕಣ್ಣು ಇಟ್ಟಲ್ಲೇ ಇತ್ತು. ಹತ್ತಿರ ಬೇಕೆಂದರೆ ನಾವೇ ಹತ್ತಿರ ಹೋಗಬೇಕು, ಅಗಲ ಬೇಕೆಂದರೆ ನಾವೇ ಹಿಂದೆ ಸರಿಯಬೇಕು. ಇನ್ನು ನಾನು ನಿಲ್ಲಬಹುದಾದ ಜಾಗಗಳೋ ಎರಡೇ. ಅಡುಗೆಮನೆ ಬಾಗಿಲಲ್ಲಿ ನಿಂತರೆ ಮಾವನ ಬೆನ್ನು ಮತ್ತು ಕತ್ತು. ಪಕ್ಕದ ಕಿಟಕಿಯ ಹತ್ತಿರ ನಿಂತರೆ ಇಡೀ ಪರದೆಯ ತುಂಬ ಕಂಬಳಿ, ಮೂಲೆಯಲ್ಲಿ ಒಂದು ಕೆನ್ನೆ. ಮುಖ ಮತ್ತು ಮಗ್ಗ ಎರಡೂ ಸಿಗುವುದು ಮಗ್ಗದ ಆಚೆ ತುದಿಯಿಂದ, ಅಂದರೆ ಮಾವನ ನೇರ ಎದುರಿನಿಂದ ಮಾತ್ರ. ಅಲ್ಲಿ ನಾನು ಒಂಬತ್ತು ವರ್ಷದಲ್ಲಿ ಒಂದು ಸಲವೂ ಹೆಜ್ಜೆ ಇಟ್ಟಿರಲಿಲ್ಲ. ಕಸ ಗುಡಿಸುವುದಿದ್ದರೂ ಅವರು ಹೊರಗೆ ಹೋದ ಮೇಲೆಯೇ ಗುಡಿಸುತ್ತಿದ್ದೆ.

ಕಿಟಕಿಯಿಂದ ತೆಗೆದದ್ದನ್ನೇ ಚಳ್ಳಕೆರೆಯ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಕಚೇರಿಗೆ ಕೊಟ್ಟೆ. ಮೇಜಿನ ಹಿಂದಿನ ಗುಮಾಸ್ತ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡಿದ. ಮಾವನ ಕೆನ್ನೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಕಾಡಿಗೆಯಂಥ ಕಂಬಳಿ ಬೂದಿ ಬಣ್ಣಕ್ಕೆ ತಿರುಗಿತ್ತು.

"ಇವ್ರು ಯಾರು ಅಂತಾನೇ ಗೊತ್ತಾಗಲ್ಲ. ಏನ್ ನೇಯ್ತಾ ಇದಾರೆ ಇಲ್ಲಿ, ಗೋಣಿಚೀಲಾನಾ?" ಎಂದು ವಾಪಸ್ ಕೊಟ್ಟ.

ಮನೆಗೆ ಬಂದು ಈ ಮಾತನ್ನು ಅತ್ತೆಗೆ ಹೇಳಲೇಬಾರದಿತ್ತು. ಸಿಟ್ಟಿನಲ್ಲಿ ಹೇಳಿಬಿಟ್ಟೆ. ಮಗ್ಗದ ಸದ್ದು ನಿಂತಿತು. ಆ ದಿನವೆಲ್ಲ ಮತ್ತೆ ಶುರುವಾಗಲಿಲ್ಲ. ಮಾವ ಅರೆ ನೇಯ್ದ ಕಂಬಳಿಯ ಮೇಲೆ ಅಂಗೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ನನ್ನ ಕೈಯ ಡಬ್ಬಿಯೇ ಅವರನ್ನು ಎರಡನೆಯ ಸಲ ನೇಕಾರರಲ್ಲ ಅನ್ನಿಸಿತ್ತು.

ಮಾರನೇ ದಿನ ಮತ್ತೆ ಸ್ಟುಡಿಯೋಗೆ ಹೋಗಿ ಜಗಳಕ್ಕೇ ನಿಂತೆ. ಸ್ಟುಡಿಯೋದವರು ವಯಸ್ಸಾದವರು, ಸಮಾಧಾನದವರು. "ನಂದೇನು ತಪ್ಪಿಲ್ಲ ಮೇಡಂ. ಇದಕ್ಕೆ ಕರಿ ಬಣ್ಣ ಅಂದ್ರೆ ತಿಳಿಯಲ್ಲ. ಕರೀದು ಕಂಡ್ರೆ ಕತ್ತಲೆ ಅಂತ ಹೆದರಿ ಬೆಳಕು ಜಾಸ್ತಿ ಎಳ್ಕೊಳ್ಳತ್ತೆ. ಎಲ್ಲಾನೂ ಬೂದಿ ಮಾಡಿಬಿಡತ್ತೆ" ಎಂದರು. ಯಾವ ಗುಂಡಿ ಎಷ್ಟು ಸಲ ಒತ್ತಿದರೆ ಅದು ಎಳೆದುಕೊಳ್ಳುವ ಬೆಳಕು ಮೈನಸ್ಸಿಗೆ ಇಳಿಯುತ್ತದೆಂದು ತೋರಿಸಿದರು. ಆರು ಸಲ ಒತ್ತಬೇಕು. ಕ್ಯಾಮೆರಾ ಮಲಗಿ ಎದ್ದರೆ ಅದನ್ನೆಲ್ಲ ಮರೆತು ಮತ್ತೆ ಮೊದಲಿನ ಹಾಗೇ ಆಗುತ್ತದೆ, ಮತ್ತೆ ಆರು ಸಲ. "ಮತ್ತೆ ಎದುರಿಗೆ ನಿಂತು ತೆಗೀರಿ. ಪಕ್ಕದಿಂದ ಯಾಕೆ ತೆಗೀತೀರಿ?" ಎಂದರು. ಒಳ್ಳೆಯ ಸೆಲ್ಲು ಎರಡು ತೆಗೆದುಕೊಂಡು ಬಂದೆ.

ಕೊನೆಯ ದಿನ. ಮಧ್ಯಾಹ್ನದ ಬಸ್ಸಿಗೆ ಹೋಗಿ ಫೋಟೋ ಕೊಟ್ಟರೆ ಉಂಟು, ಇಲ್ಲದಿದ್ದರೆ ಮಾವ ಕೂಲಿ. ಬೆಳಿಗ್ಗೆಯೇ ಅಡುಗೆಮನೆ ಬಾಗಿಲಿಗೂ ಮಗ್ಗಕ್ಕೂ ನಡುವೆ ಅತ್ತೆಯನ್ನು ಕೂರಿಸಿದೆ.

"ಸ್ವಲ್ಪ ಈ ಕಡೆ ತಿರುಗ್ಬೇಕಂತೆ" ಅಂದೆ.

"ಈ ಕಡೆ ತಿರುಗ್ಬೇಕಂತೆ" ಅಂದರು ಅತ್ತೆ.

ಮಾವ ಆ ಕಡೆ ತಿರುಗಿದರು. ನನ್ನ 'ಈ ಕಡೆ' ಬೇರೆ, ಅತ್ತೆಯ 'ಈ ಕಡೆ' ಬೇರೆ.

"ತಲೆ ಎತ್ತಬೇಕಂತೆ."

"ತಲೆ ಎತ್ತಬೇಕಂತೆ ಕಣ್ರೀ."

ಅತ್ತೆ ಹೇಳಿ, ಅವರು ಎತ್ತಿ, ನಾನು ಒತ್ತಿದೆ. ಆ ಕ್ಯಾಮೆರಾಕ್ಕೋ ಒತ್ತಿದ ಕೂಡಲೇ ಹಿಡಿಯುವ ಬುದ್ಧಿ ಇಲ್ಲ. ಗೊರಗೊರ ಅಂದುಕೊಂಡು, ಯೋಚಿಸಿ, ಆಮೇಲೆ ಟಿಕ್ ಅನ್ನುತ್ತದೆ. ಅಷ್ಟರಲ್ಲಿ ಮಾವ ಲಾಳಿ ಹಿಡಿದು ಬಗ್ಗಿ ಆಗಿರುತ್ತಿತ್ತು. ಒಂದರಲ್ಲಿ ತಲೆಯ ಟವಲ್ಲು, ಇನ್ನೊಂದರಲ್ಲಿ ಕಿವಿ, ಮತ್ತೊಂದರಲ್ಲಿ ನಡುವೆ ನುಗ್ಗಿ ಬಂದ ಅತ್ತೆಯ ಕೈ. "ಸಾಕೇನು ಅಂತ ಆಯಮ್ಮನ್ನ ಕೇಳು" ಎಂದರು ಮಾವ, ಕಂಬದ ಕಡೆ ನೋಡಿಕೊಂಡು. ಸೆಲ್ಲಿನ ಗುರುತು ಅರ್ಧಕ್ಕೆ ಇಳಿದಿತ್ತು. ಬಸ್ಸಿಗೆ ಗಂಟೆಯೂ ಉಳಿದಿರಲಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ಬಾಗಿಲು ಬಿಟ್ಟು ಯಾವಾಗ ಹೊರಟೆನೋ, ಅತ್ತೆಯನ್ನು ದಾಟಿ ಯಾವಾಗ ಹೋದೆನೋ, ಮಗ್ಗದ ಆಚೆ ತುದಿಗೆ, ಮಾವನ ಎದುರಿಗೆ ನಿಂತಿದ್ದೆ.

"ಮಾವ, ಕೈ ನಿಲ್ಸಿ ಇಲ್ಲಿ ನೋಡ್ರಿ. ನನ್ನ ನೋಡ್ರಿ" ಅಂದೆ. ನನ್ನ ದನಿ ಬೀದಿಗೆ ಕೇಳಿಸಿರಬೇಕು. "ಐವತ್ತು ವರ್ಷ ನೇಯ್ದೋರ್ನ ಯಾವನೋ ಕೂಲಿ ಅಂತ ಬರ್ಕೊಂಡು ಹೋಗವ್ನೆ. ನೀವು ನೋಡಿದ್ರೆ ಕಂಬ ನೋಡ್ಕೊಂಡು ಕುಂತಿದೀರಿ."

ಅವರು ತಲೆ ಎತ್ತಿದರು. ನಾನು ಒತ್ತಿದೆ. ಕ್ಯಾಮೆರಾ ಎಂದಿನಂತೆ ಯೋಚಿಸಿತು. ಅಷ್ಟು ಹೊತ್ತು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅವರ ಕಣ್ಣು ಸ್ವಲ್ಪ ಕಂದು ಎಂಬುದು ನನಗೆ ಆಗ ತಿಳಿಯಿತು. ಟಿಕ್ ಅಂದಿತು.

ಆಮೇಲೆ ನಾನು ಅಲ್ಲಿ ನಿಲ್ಲಲಿಲ್ಲ. ಬಸ್ಸು ಹಿಡಿದೆ, ಪ್ರಿಂಟ್ ಹಾಕಿಸಿದೆ, ಗಡುವಿನೊಳಗೆ ಕೊಟ್ಟೆ. ದಾರಿಯುದ್ದಕ್ಕೂ ಅರ್ಧ ನಾಚಿಕೆ, ಅರ್ಧ ಸಿಟ್ಟು. ಆರು ಸಲ ಗುಂಡಿ ಒತ್ತುವುದು ಮರೆತದ್ದು ಸ್ಟುಡಿಯೋದಲ್ಲಿ ನೆನಪಾಯಿತು. ಪುಣ್ಯಕ್ಕೆ ಎದುರಿನಿಂದ ತೆಗೆದದ್ದರಿಂದ ಹಿಂದಿನ ಬಿಳಿ ಸುಣ್ಣದ ಗೋಡೆಯೂ ಸೇರಿ, ಕ್ಯಾಮೆರಾದ ಹೆದರಿಕೆ ಅಷ್ಟು ಕಡಿಮೆಯಾಗಿ ಮುಖ ಮುಖದ ಹಾಗೇ ಬಂದಿತ್ತು. ಕಂಬಳಿ ಮಾತ್ರ ಈ ಸಲವೂ ಬೂದಿ.

ಮನೆಯಲ್ಲಿಡಲು ಇನ್ನೊಂದು ದೊಡ್ಡ ಪ್ರಿಂಟ್ ತಂದಿದ್ದೆ. ಅತ್ತೆ ಅದನ್ನು ಬಹಳ ಹೊತ್ತು ನೋಡಿದರು. "ನನ್ನನ್ನೂ ಇವ್ರು ಹಿಂಗೆ ನೋಡಿದ್ದಿಲ್ಲ ಬಿಡು" ಎಂದು ಗೋಡೆಗೆ ಒರಗಿಸಿಟ್ಟರು. ಮಾವ ಆ ಕಡೆ ತಿರುಗಲಿಲ್ಲ. ಅಂದಿನಿಂದ ನಾನು ಬಡಿಸಿದ ಹೊತ್ತಿಗೆ ಊಟಕ್ಕೆ ಬರುವುದನ್ನೂ ಬಿಟ್ಟರು. ನಾನು ಅಂಗನವಾಡಿಗೆ ಹೋದ ಮೇಲೆ ಅತ್ತೆ ಬಡಿಸಬೇಕು. ಗಂಡ ಊರಿಗೆ ಬಂದು ವಿಷಯ ಕೇಳಿ "ಅಷ್ಟು ಜೋರಾಗಿ ಅಂದ್ಯಾ?" ಎಂದರು. "ಅಂದೆ, ಏನೀಗ?" ಎಂದೆ. ಹೇಳಿದೆನೇ ಹೊರತು ಒಳಗೊಳಗೆ ಅಳುಕಿತ್ತು. ಒಂಬತ್ತು ವರ್ಷ ಕಾದಿಟ್ಟುಕೊಂಡ ಮರ್ಯಾದೆಯನ್ನು ಒಂದು ಡಬ್ಬಿಗೋಸ್ಕರ ಕಳೆದುಕೊಂಡೆನಲ್ಲ ಅನ್ನಿಸುತ್ತಿತ್ತು.

ಎರಡು ತಿಂಗಳಿಗೆ ಚೀಟಿ ಬಂತು. ಪಂಚಾಯ್ತಿಯಲ್ಲಿ ಅದನ್ನು ನೋಡಿ ನನ್ನ ಮೈಯೆಲ್ಲ ಉರಿಯಿತು. ಮುಖವೂ ಬೇಕು ಮಗ್ಗವೂ ಬೇಕು ಎಂದು ಕುಣಿಸಿದವರು ಮುಖವನ್ನಷ್ಟೇ ಉಗುರಿನಗಲ ಕತ್ತರಿಸಿ ಅಂಟಿಸಿದ್ದರು. ಮಗ್ಗವೂ ಇಲ್ಲ, ಕಂಬಳಿಯೂ ಇಲ್ಲ. ಆದರೆ ಹೆಸರಿನ ಕೆಳಗೆ 'ನೇಕಾರ' ಎಂದಿತ್ತು.

ಮನೆಗೆ ಬಂದಾಗ ಅತ್ತೆ ನೀರಿಗೆ ಹೋಗಿದ್ದರು. ಮಾವ ಮಗ್ಗದಲ್ಲಿದ್ದರು. ಚೀಟಿ ಬಂದ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅತ್ತೆ ಬರಲೆಂದು ಅಡುಗೆಮನೆ ಬಾಗಿಲಲ್ಲೇ ನಿಂತೆ. ಮಗ್ಗದ ಸದ್ದು ನಿಂತಿತು. ಕತ್ತು ತಿರುಗಿಸದೆ ಅವರು ಕೈ ಹಿಂದಕ್ಕೆ ಚಾಚಿದರು. ನಾನು ಚೀಟಿಯನ್ನು ಆ ಕೈಗೆ ಇಟ್ಟೆ. ಅವರಿಗೆ ಓದಲು ಬರುವುದಿಲ್ಲ.

"ಎಲ್ಲೈತೆ?" ಎಂದರು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಕಂಬದ ಕಡೆಗೂ ನೋಡಿರಲಿಲ್ಲ. ಬಗ್ಗಿ, ಆ ಪದದ ಮೇಲೆ ಬೆರಳಿಟ್ಟು, "ನೇಕಾರ ಅಂತ ಐತೆ ಮಾವ" ಎಂದೆ. ಉಣ್ಣೆಯ ಜಿಡ್ಡು ಹಿಡಿದ ಹೆಬ್ಬೆರಳನ್ನು ಅವರು ಅದರ ಮೇಲೆ ನಿಧಾನವಾಗಿ ಆಡಿಸಿದರು. ಆಮೇಲೆ ಗೋಡೆಗೆ ಒರಗಿಸಿಟ್ಟ ದೊಡ್ಡ ಫೋಟೋದ ಕಡೆಗೆ, ಎರಡು ತಿಂಗಳಲ್ಲಿ ಮೊದಲ ಸಲ, ತಿರುಗಿ ನೋಡಿದರು.

"ಕಂಬಳಿ ಬೂದಿ ಬಣ್ಣಕ್ಕೆ ಬಂದೈತಲ್ಲವ್ವ" ಎಂದರು. "ನಾನು ಅಂಥದ್ದು ನೇಯಲ್ಲ. ಇನ್ನೊಂದ್ಸಲ ತೆಗಿ. ಅಲ್ಲೇ ಎದುರಿಗೆ ನಿಂತ್ಕೊ."

ಕ್ಯಾಮೆರಾದಲ್ಲಿ ಸೆಲ್ಲು ಸತ್ತು ತಿಂಗಳಾಗಿತ್ತು. ನಾನು ಅದನ್ನು ಹೇಳಲಿಲ್ಲ. ಒಳಗಿನಿಂದ ತಂದು, ಮುಚ್ಚಳ ಜಾರಿಸಿ, ಹೋಗಿ ಎದುರಿಗೆ ನಿಂತೆ.