ಬಂಡೆಗೆ ಸುರಿದ ನೀರು

ಆ ನೀರಿನ ಬಾಟಲಿ ಯಾರದಾಗಿತ್ತು ಎಂಬುದು ನನಗೆ ಖಚಿತವಿರಲಿಲ್ಲ. ಆದರೂ ಮೂರು ವರ್ಷ ನೆಂಟರ ಮುಂದೆಲ್ಲ ‘ನನ್ನದು’ ಎಂದೇ ಹೇಳಿಕೊಂಡು ಬಂದೆ. ಹೇಳಿ ಹೇಳಿ ಗಟ್ಟಿಯಾದದ್ದು ನೆನಪೋ ಸುಳ್ಳೋ, ನೀವೇ ಹೇಳಿ.

ಕಳೆದ ವಾರ ಅಡುಗೆಮನೆಯ ಕಟ್ಟೆಗೆ ಕಲ್ಲು ನೋಡಲು ಕೆ.ಆರ್. ಪುರದ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಧೂಳು ಹಿಡಿದ ಗ್ರಾನೈಟಿನ ಮೇಲೆ ಒಂದು ಮಗ್ ನೀರು ಎರಚಿ, “ಈಗ್ ನೋಡಿ ಸಾರ್ ಕಲರ್ರು” ಎಂದ. ಒದ್ದೆ ಕಲ್ಲಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಮಾವನ ಮೇಲಿನ ಹಳೆಯ ಸಿಟ್ಟು ನೆತ್ತಿಗೇರಿತು.

ಮಾವ ಎಂದರೆ ಅಮ್ಮನ ಅಣ್ಣ. ಮಾರತ್ತಹಳ್ಳಿ ಕಡೆಯ ರಾಗಿ ಹೊಲ ಬಡಾವಣೆಯಾದ ಮೇಲೆ ಮೂವತ್ತು ವರ್ಷ ಕಲ್ಲಿನ ವ್ಯಾಪಾರ ಮಾಡಿದವರು. ಅವರನ್ನು ಈಜಿಪ್ಟಿನ ಸಿನಾಯ್ ಮರುಭೂಮಿಗೆ ಕರೆದುಕೊಂಡು ಹೋದದ್ದು ನನ್ನದೇ ಬುದ್ಧಿ. ಅಲ್ಲೊಂದು ಬಣ್ಣದ ಕಣಿವೆಯಿದೆ. ಇಬ್ಬರು ಅಕ್ಕಪಕ್ಕ ನಡೆಯಲಾಗದಷ್ಟು ಇಕ್ಕಟ್ಟು. ಎರಡೂ ಕಡೆ ಕೆಂಪು, ಹಳದಿ, ನೇರಳೆ ಪಟ್ಟೆಗಳ ಬಂಡೆಗೋಡೆ. ಭೂವಿಜ್ಞಾನ ಓದಿದ ನಾನು ಕಬ್ಬಿಣದ ಅಂಶ, ಮ್ಯಾಂಗನೀಸು ಎಂದು ಪಾಠ ಒಪ್ಪಿಸುತ್ತಿದ್ದರೆ ಮಾವ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, “ಲೋ, ಇದು ಪಾಲಿಷ್ ಹಿಡಿಯಲ್ಲ ಕಣೋ, ಪುಡಿ ಉದುರುತ್ತೆ” ಎನ್ನುತ್ತಿದ್ದರು. ಪ್ರತಿ ತಿರುವಿನಲ್ಲೂ ತಟ್ಟುವುದು, ಪ್ರತಿ ತಿರುವಿನಲ್ಲೂ ತೀರ್ಪು. ಗುಂಪಿನಲ್ಲಿದ್ದ ಫ್ರೇಜರ್ ಟೌನಿನ ಬಟ್ಟೆ ವ್ಯಾಪಾರಿ ಸಾಹೇಬರು ವಿಡಿಯೋ ಮಾಡುತ್ತ, “ಅಂಕಲ್, ರೇಟ್ ಮಾತಾಡ್ಬಿಡಿ, ಲಾರಿ ನಂದು” ಎಂದು ಬೇರೆ ಹುರಿದುಂಬಿಸುತ್ತಿದ್ದರು.

ಮಾರ್ಗದರ್ಶಿ ತಲೆಗೊಂದು ಬಾಟಲಿ ನೀರು ಕೊಟ್ಟು, ಜೀಪಿಗೆ ಮರಳುವವರೆಗೆ ಇಷ್ಟೇ ಎಂದಿದ್ದ. ಅರ್ಧ ದಾರಿಯಲ್ಲಿ ಮಾವ ಬಾಟಲಿ ತೆರೆದು ಗೋಡೆಗೆ ಸುರಿದರು! ಮಸುಕು ಗುಲಾಬಿಯಾಗಿದ್ದ ಕಲ್ಲು ಆಗಷ್ಟೇ ಹೆಚ್ಚಿದ ಬೀಟ್‌ರೂಟಿನಂತೆ ಹೊಳೆಯಿತು. ನನ್ನ ಪಠ್ಯಪುಸ್ತಕಗಳಾವುವೂ ಅಂಥದ್ದನ್ನು ತೋರಿಸಿರಲಿಲ್ಲ. ಆದರೆ ಬಾಯಿಂದ ಬಂದದ್ದು ಬೇರೆ.

“ಅದು ನನ್ನ ನೀರು ಮಾವ! ಬಂಡೆ ಮಾರೋರನ್ನ ಕರ್ಕೊಂಡ್ ಬಂದ್ರೆ ಇಷ್ಟೇ!”

“ನಂದೇ ಕಣೋ” ಎಂದರು ಮಾವ. ಅಂದಿನಿಂದ ಹಲಸೂರಿನ ನಮ್ಮ ಮನೆಯ ಮೆಟ್ಟಿಲು ಹತ್ತಿಲ್ಲ.

ಅಂಗಡಿಯಿಂದ ಬರಿಗೈಯಲ್ಲಿ ಬಂದ ನನ್ನನ್ನು ಅಮ್ಮ ಹಿಡಿದುಕೊಂಡಳು. “ಅಣ್ಣನ್ನ ಕರಿ, ಕಲ್ಲು ಅವನೇ ನೋಡ್ಲಿ. ತಪ್ಪಾಯ್ತು ಅಂದ್ರೆ ನಿನ್ ಗಂಟೇನ್ ಹೋಗುತ್ತೆ?”

“ತಪ್ಪು ಯಾರ್ದು ಅಂತ ಮೊದ್ಲು ಗೊತ್ತಾಗ್ಲಿ.”

“ಮೂರ್ ವರ್ಷದಿಂದ ಅಣ್ಣ ಬಂದಿಲ್ಲ ಅನ್ನೋದು ನಂಗೊತ್ತು. ಸಾಲ್ದಾ?”

ಸಾಲದು ಎನಿಸಿತು, ನೋಡಿ. ಪುರಾವೆ ಕೇಳುವ ಚಟ ಅಂಥದ್ದು. ನಿನ್ನೆ, ಅವತ್ತು ವಿಡಿಯೋ ಮಾಡಿದ್ದ ಸಾಹೇಬರ ಅಂಗಡಿ ಹುಡುಕಿಕೊಂಡು ಹೋದೆ.

ಇದನ್ನು ಬರೆದು ಮುಗಿಸಿದವನೇ ಮಾವನ ಮನೆಗೆ ಹೊರಡುತ್ತೇನೆ. ಒಳಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ ತಿಳಿಯದು. ತಿಳಿದಿರುವುದು ವಿಡಿಯೋದಲ್ಲಿ ಎರಡು ಸಲ ನೋಡಿ ಖಚಿತಪಡಿಸಿಕೊಂಡದ್ದಷ್ಟೇ. ನನ್ನ ಬಾಟಲಿ ನನ್ನ ಕೈಯಲ್ಲೇ ಇದೆ, ಖಾಲಿಯಾಗಿ. ನಾನು ಕೂಗಾಡುತ್ತಿದ್ದೇನೆ. ಮಾವ ತಮ್ಮ ಬಾಟಲಿಯಲ್ಲಿ ಉಳಿದ ನೀರನ್ನು ನನ್ನತ್ತ ಚಾಚುತ್ತಾರೆ. ನಾನು ಅದನ್ನು ಕಸಿದುಕೊಂಡು, ಪೂರ್ತಿ ಕುಡಿಯುತ್ತೇನೆ.