ತೂಕ ಸರಿಯಿದ್ದ ಪುಡಿ

ಬದುಕಿದ್ದಾಗ ಅವನು ಯಾರನ್ನೂ ಹೊಗಳಿದವನಲ್ಲ. ಸತ್ತನೆಂದು ಈಗ ಹೊಗಳಲು ಹೊರಟರೆ ಅವನಿಗೇ ಮೈ ಉರಿದೀತು. ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ, ಬಟ್ಟು, ಲೀಟರುಗಳನ್ನು ಪರೀಕ್ಷಿಸಿ ಮುದ್ರೆ ಒತ್ತಿದ ಇನ್‌ಸ್ಪೆಕ್ಟರು. ಬೀದಿಗೆ ಕಾಲಿಟ್ಟರೆ ವ್ಯಾಪಾರಿಗಳು "ಮುದ್ರೆ ಬಂತು" ಎಂದು ಪಿಸುಗುಟ್ಟುತ್ತಿದ್ದರು. ಒಳಗೇನಿದೆ ಎಂದು ಮೇಲೆ ಬರೆಯದ ಪೊಟ್ಟಣ ಕಂಡರೆ ಅಲ್ಲೇ ಜಪ್ತಿ. ನಿವೃತ್ತನಾದ ಮೇಲೆ ಜಪ್ತಿಗೆ ಉಳಿದದ್ದು ಅಕ್ಕನ ಮಾತುಗಳು ಮಾತ್ರ. ಮನೆಯಲ್ಲಿದ್ದವರು ಅವನು, ಗಂಡ ತೀರಿಕೊಂಡ ಆ ಅಕ್ಕ, ಹನ್ನೊಂದು ವರ್ಷದ ಹೆಣ್ಣುನಾಯಿ ಬೂದಿ.

ಇದ್ದಕ್ಕಿದ್ದಂತೆ ಬೂದಿಗೆ ನೀರು ಸಾಲದಾಯಿತು. ಬಟ್ಟಲು ಖಾಲಿ ಮಾಡಿ ಬಚ್ಚಲ ಬಕೆಟ್ಟಿಗೂ ಬಾಯಿ ಹಾಕಿತು. ಹುಟ್ಟಿದ ಮೇಲೆ ಒಳಗೆ ಗಲೀಜು ಮಾಡದ ನಾಯಿ ಚಾಪೆ ನೆನೆಸಿತು.

"ವಯಸ್ಸಾಯ್ತು ಕಣೋ. ಸಂಜೆ ಮೇಲೆ ನೀರು ಎತ್ತಿಡು, ಚಾಪೆಯಾದ್ರೂ ಉಳಿಯುತ್ತೆ," ಅಂದಳು ಅಕ್ಕ.

"ನಿಂಗೂ ಎಪ್ಪತ್ತೆರಡು. ನಿನ್ನ ಲೋಟಾನೂ ಎತ್ತಿಡ್ಲಾ?"

"ಎತ್ತಿಡು. ಬೆಳಿಗ್ಗೆ ನಿಂಗೆ ಟೀ ಯಾರು ಕೊಡ್ತಾರೋ ನೋಡ್ತೀನಿ."

ಪಕ್ಕದ ಮನೆಯಾತ ಇನ್ನೂ ಜಾಣ. "ಒಂದು ಇಂಜೆಕ್ಷನ್ ಹಾಕಿಸಿಬಿಡಿ ಸಾರ್, ಪಾಪ," ಅಂದ. ಆ 'ಪಾಪ' ಕೇಳಿದ ದಿನದಿಂದ ಅವನಿಗೆ ಊಟ ಸೇರಲಿಲ್ಲ. ಬೂದಿ ಹೋದರೆ ಆ ಮನೆಯಲ್ಲಿ ಅವನು ಬೈಯದೆ ಮಾತಾಡಿಸುವ ಜೀವವೇ ಇರಲಿಲ್ಲ.

ಪೆಟ್ಟಿಗೆಯಿಂದ ನೌಕರಿ ಕಾಲದ, ಗೆರೆ ಹಾಕಿದ ಲೀಟರು ಪಾತ್ರೆ ಹೊರಗೆ ಬಂತು. ಬಚ್ಚಲಿಗೆ ಚಿಲಕ ಬಿತ್ತು, ಹೂಕುಂಡಗಳ ಕೆಳಗಿನ ತಟ್ಟೆಗಳೆಲ್ಲ ಮೇಲೆ ಹೋದವು. ನಾಯಿಗೆ ಒಂದೇ ಬಟ್ಟಲು. ಗಾಳಿಗೆ ಎಷ್ಟು ಆರುತ್ತದೆಂದು ಲೆಕ್ಕ ಹಿಡಿಯಲು ಕಪಾಟಿನ ಮೇಲೆ ಅಂಥದ್ದೇ ಇನ್ನೊಂದು. ಮೂರನೆಯ ದಿನ ಬೆಳಿಗ್ಗೆ, ಪರೀಕ್ಷೆಗೆ ಉಚ್ಚೆ ಹಿಡಿಯಲು ಕೋಲಿಗೆ ಸೌಟು ಕಟ್ಟಿಕೊಂಡು, ಬೂದಿ ಕೂತಲ್ಲೆಲ್ಲ ಹಿಂದಿನಿಂದ ಸೌಟು ಒಡ್ಡುತ್ತ ಬೀದಿಯುದ್ದಕ್ಕೂ ನಡೆದ. ಒಂದು ಕಾಲದಲ್ಲಿ ಅವನನ್ನು ಕಂಡರೆ ನಡುಗುತ್ತಿದ್ದ ವ್ಯಾಪಾರಿಗಳು ಅಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ತಿರುಗಿಯೂ ನೋಡಲಿಲ್ಲ.

ಪಶುವೈದ್ಯೆ ಅವನ ನೀರಿನ ಲೆಕ್ಕದ ಚೀಟಿ ನೋಡಿ ಹುಬ್ಬೇರಿಸಿದಳು. "ಹನ್ನೆರಡು ಕಿಲೋ ನಾಯಿ ದಿನಕ್ಕೆ ಎರಡು ಲೀಟರ್ ದಾಟಿ ಕುಡೀತಿದೆ. ಇದು ಬರೀ ವಯಸ್ಸಲ್ಲ."

ಅವನು ಜೊತೆಗೆ ಬಂದಿದ್ದ ಅಕ್ಕನ ಕಡೆ ಗೆದ್ದವನಂತೆ ನೋಡಿದ.

ಉಚ್ಚೆ ನೀರಿನಷ್ಟೇ ತೆಳು, ಆದರೆ ಅದರಲ್ಲಿ ಸಕ್ಕರೆಯಿಲ್ಲ. ರಕ್ತಪರೀಕ್ಷೆಯ ಪ್ರಕಾರ ಮೂತ್ರಪಿಂಡವೂ ಸರಿಯಿತ್ತು. "ಏನಾದ್ರೂ ಔಷಧಿ ಕೊಡ್ತಿದ್ದೀರಾ ಸರ್?"

"ಇಲ್ಲ."

"ಕಿವಿಗೆ, ಚರ್ಮಕ್ಕೆ ಏನಾದ್ರೂ?"

"ಇಲ್ಲ ಅಂದ್ನಲ್ಲ! ನನ್ನ ಮನೇಲಿ ಏನು ನಡೆಯುತ್ತೆ ಅಂತ ನಂಗೆ ಗೊತ್ತಿಲ್ವಾ?"

"ಲೋ, ಆ ಕೆರೆತದ ಪುಡಿ?" ಅಂದಳು ಅಕ್ಕ.

ನಾಲ್ಕು ತಿಂಗಳಿಂದ ಮೂಲೆ ಅಂಗಡಿಯ ಬಿಳಿ ಪುಡಿಯನ್ನು ದಿನಾ ತನ್ನ ಪುಟ್ಟ ತಕ್ಕಡಿಯಲ್ಲಿ, ಉಸಿರು ಬಿಗಿಹಿಡಿದು, ತೂಗಿ ತೂಗಿ ಬೂದಿಯ ಅನ್ನಕ್ಕೆ ಬೆರೆಸಿದ್ದ. ಕೆರೆತ ಹೋಗಿತ್ತು, ತೂಕ ಒಂದು ದಿನವೂ ತಪ್ಪಿರಲಿಲ್ಲ. ಏನನ್ನು ತೂಗುತ್ತಿದ್ದೇನೆಂದು ಮಾತ್ರ ಕೇಳಿರಲಿಲ್ಲ.

"ಸ್ಟೆರಾಯ್ಡ್ ಇರಬೇಕು. ಅದೇ ಬಾಯಾರಿಕೆ ತರಿಸೋದು," ಅಂದಳು ವೈದ್ಯೆ. "ಹಾಗಂತ ತಟ್ಟನೆ ನಿಲ್ಲಿಸಿದ್ರೆ ಜೀವಕ್ಕೇ ಕುತ್ತು. ಸ್ಟೆರಾಯ್ಡ್ ಎಷ್ಟಿದೆ ಅಂತ ಗೊತ್ತಿರೋ ಮಾತ್ರೆ ಕೊಡ್ತೀನಿ, ವಾರವಾರ ಇಳಿಸೋಣ."

ಮನೆಯಲ್ಲಿದ್ದ ಪುಡಿಯ ಪೊಟ್ಟಣ ತೆಗೆದುಕೊಂಡು ನೆಟ್ಟಗೆ ಮೂಲೆ ಅಂಗಡಿಗೆ ಹೋಗಿ ಕುಕ್ಕಿದ.

"ಇದ್ರ ಮೇಲೆ ಏನು ಬರ್ದಿದೆಯಯ್ಯಾ?"

"ಏನೂ ಇಲ್ಲ ಸ್ವಾಮಿ."

"ಏನೂ ಬರೀದೇ ಇರೋದನ್ನ ಮಾರೋ ಕಳ್ಳ ನೀನು!"

"ಕೊಂಡೋರು ನೀವೇ ಅಲ್ವಾ ಸ್ವಾಮಿ?"

ಅವನು ಪೊಟ್ಟಣ ಎತ್ತಿಕೊಂಡು ಹೊರಟ. ಅದನ್ನು ವೈದ್ಯೆಗೆ ಕೊಟ್ಟು, ತನ್ನ ಹಳೇ ಕಚೇರಿಗೆ ದೂರು ಬರೆದು, ಅದರ ಕೊನೆಯಲ್ಲಿ "ಕೊಂಡ ಮೂರ್ಖ: ಈ ಸಹಿ ಮಾಡಿದವನು" ಎಂದು ಸೇರಿಸಿದ. ಕಚೇರಿಯವರು ಆ ಸಾಲನ್ನು ಮಾತ್ರ ಓದಿ ನಕ್ಕರಂತೆ. ನಗಲಿ, ಅವರಿಗೆ ಬರುವ ಕೆಲಸ ಅದೊಂದೇ.

ಎರಡೂವರೆ ತಿಂಗಳಲ್ಲಿ ಬೂದಿ ದಿನಕ್ಕೆ ಏಳುನೂರು ಮಿಲಿ ನೀರಿಗೆ ಇಳಿಯಿತು. ಚಾಪೆ ಒಣಗಿತು. ಪಕ್ಕದ ಮನೆಯಾತನಿಗೆ ಅವನು ಆ ಅಂಕಿಯನ್ನು ಗೋಡೆಯಾಚೆಯಿಂದ ಕೂಗಿ ಹೇಳಿದ.

ಅದಾಗಿ ವರ್ಷಕ್ಕೆ ಅವನು ಹೋದ, ಎದೆನೋವು ಬರೀ ವಾಯು ಎಂದು ವೈದ್ಯರನ್ನೇ ಬೈದುಕೊಂಡು. ತನ್ನ ನಾಡಿಯನ್ನು ಅಳೆಯಲು ಅವನು ಯಾರಿಗೂ ಬಿಡಲಿಲ್ಲ. ಬೂದಿ ಇದೆ. ದಿನಾ ಬೆಳಿಗ್ಗೆ ಅಕ್ಕ ಅದಕ್ಕೆ ನೀರು ತುಂಬಿದ ಲೀಟರನ್ನು ಮೇಜಿನ ಮೇಲಿಟ್ಟು, ಸೊಂಟ ನೋವೆಂದು ಗೊಣಗುತ್ತ ಬಗ್ಗಿ, ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದು ನೋಡುತ್ತಾಳೆ.

"ನಿಂತ್ಕೊಂಡು ನೋಡಿದ್ರೆ ಬೈತಿದ್ದ, ಮುಠ್ಠಾಳ," ಅನ್ನುತ್ತಾಳೆ.