ನನ್ನ ಕಪಾಟಿನಲ್ಲಿಲ್ಲದ ದೇಶ

ನಮ್ಮ ಮನೆಯಲ್ಲಿ ಸುಳ್ಳು ಹೇಳುವ ಗುತ್ತಿಗೆ ನನ್ನದು, ಅದನ್ನು ವಿಚಾರಿಸುವ ಗುತ್ತಿಗೆ ನನ್ನ ಮೊಮ್ಮಗಳದು. ಅವಳಿಗೆ ಇನ್ಸ್‌ಪೆಕ್ಟರ್ ಅಂತ ಹೆಸರಿಟ್ಟವನೂ ನಾನೇ. ಏಳು ವರ್ಷದವಳಿದ್ದಾಗಲೇ ಹಾಲಿನವನು ತಡವಾಗಿ ಬಂದರೆ ಅವನ ಸೈಕಲ್ ಚೈನಿನಿಂದ ಶುರುಮಾಡಿ ಅವನತ್ತೆಯ ಮಂಡಿನೋವಿನ ತನಕ ವಿಚಾರಣೆ ನಡೆಸುತ್ತಿದ್ದಳು.

ಈಗ ಅವಳಿಗೆ ಇಪ್ಪತ್ತಾರು. ನಾಲ್ಕು ವರ್ಷದಿಂದ ಇಸ್ತ್ರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತಾಳೆ. ಕೆಳಗಿನ ಇಸ್ತ್ರಿಯ ಆವಿ ನೆಲದ ಹಲಗೆಗಳ ಸಂದಿಯಿಂದ ಏರಿಬಂದು, ಬೋರ್ಡಿನ ಮೇಲೆ ಬರೆದ ಅಕ್ಷರಗಳೂ ಬೆವರುತ್ತವೆ. ಕಲಿಯಲು ಬರುವವರು ಇಬ್ಬರು ನರ್ಸುಗಳು, ಒಬ್ಬ ಬೇಕರಿಯವನು, ಒಬ್ಬ ಲಿಫ್ಟ್ ಆಪರೇಟರ್. ಈ ಲಿಫ್ಟಿನವನು ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ನಮ್ಮವಳು ಬಿಟ್ಟಾಳೆಯೇ? ದಿನಾ ಬೆಳಿಗ್ಗೆ ಅವನ ಲಿಫ್ಟ್ ಹತ್ತಿ ಮೇಲಕ್ಕೂ ಕೆಳಕ್ಕೂ ಓಡಾಡಿದಳು. ಯಾವ ಮಹಡಿ ಎಂದು ಅವನು ಇಂಗ್ಲಿಷಿನಲ್ಲಿ ಕೇಳುವ ತನಕ ಇಳಿಯುವುದಿಲ್ಲವೆಂದು ಹಟ. ಆರನೆಯ ದಿನ ಅವನು ಕೇಳಿದ. ಅದರ ಜೊತೆಗೆ, ಇವತ್ತಾದರೂ ಇಳಿಯುತ್ತೀರಾ ಎಂಬ ಇನ್ನೊಂದು ಪ್ರಶ್ನೆಯನ್ನೂ ಇಂಗ್ಲಿಷಿನಲ್ಲೇ ಸೇರಿಸಿದ.

ಇಂಥವಳಿಗೆ ಹೊರದೇಶದಲ್ಲಿ ಕಲಿಸುವ ಆಸೆ ಹುಟ್ಟಿತು. ಅರ್ಜಿ ಹಾಕಿದಳು. ಎರಡು ಕಡೆಯಿಂದ ಉತ್ತರ ಬಂತು: ಒಂದು ದ್ವೀಪದ ದೇಶ, ಇನ್ನೊಂದು ಏಳು ತಿಂಗಳು ಹಿಮ ಬೀಳುವ ದೇಶ. ಯಾವುದೆಂದು ಶುಕ್ರವಾರದೊಳಗೆ ತಿಳಿಸಬೇಕಿತ್ತು.

"ಎಲ್ಲಿಗಾದ್ರೂ ಹೋಗು, ಸರಿಯಾಗಿ ನೋಡ್ಕೊಂಡು ಹೋಗು," ಎಂದಳು ನನ್ನ ಸೊಸೆ, ಅಂದರೆ ಅವಳಮ್ಮ. "ಮೊದಲನೇ ದೇಶ ಕೈಕೊಟ್ರೆ ಎರಡನೇದಕ್ಕೆ ಧೈರ್ಯನೇ ಬರಲ್ಲ. ನಿನ್ನ ಗೆಳತಿನ ನೋಡಿಲ್ವಾ?"

ಆ ಗೆಳತಿ ಹೀಗೇ ಕಲಿಸಲು ಹೋಗಿ ಎರಡೇ ತಿಂಗಳಿಗೆ ಪೆಟ್ಟಿಗೆ ಸಮೇತ ವಾಪಸ್ ಬಂದಿದ್ದಳು. ಈಗ ರೇಡಿಯೊದಲ್ಲಿ ಇಂಗ್ಲಿಷ್ ಕೇಳಿದರೂ ಎದ್ದುಹೋಗಿ ಆರಿಸುತ್ತಾಳೆ.

ಇನ್ಸ್‌ಪೆಕ್ಟರ್ ಮನಸ್ಸು ದ್ವೀಪದ ಕಡೆಗಿತ್ತು. ಅದಕ್ಕೆ ಕಾರಣ ನಾನು.

ಮೂವತ್ತೊಂದು ವರ್ಷ ಅಂಚೆಕಚೇರಿಯಲ್ಲಿ ಹೊರದೇಶದ ಟಪಾಲು ವಿಂಗಡಿಸಿದವನು ನಾನು. ಎದುರಿಗೆ ಗೋಡೆಯಗಲದ ಕಪಾಟು, ಅದರಲ್ಲಿ ದೇಶಕ್ಕೊಂದು ಗೂಡು. ಒಂದು ಸಲ ಪಾರ್ಸೆಲ್ಲಿನೊಳಗಿಂದ ಗಿಳಿಯೊಂದು ತನ್ನ ವಿಳಾಸವನ್ನು ಮನೆ ನಂಬರಿನ ಸಮೇತ ತಾನೇ ಹೇಳಿತ್ತು. ನಂಬದವರು ನನ್ನ ಜೊತೆ ಕೆಲಸ ಮಾಡಿದವರನ್ನು ಕೇಳಬಹುದು. ಅವರು ಯಾರೂ ಈಗ ಬದುಕಿಲ್ಲ, ಆ ಮಾತು ಬೇರೆ. ಇರಲಿ. ದ್ವೀಪದ ಗೂಡು ತುತ್ತತುದಿಯಲ್ಲಿತ್ತು. ಸ್ಟೂಲ್ ಹತ್ತಿ ಕಾಗದ ಹಾಕಬೇಕಿತ್ತು. ಅಷ್ಟು ಕಷ್ಟಪಟ್ಟ ಮೇಲೆ ಆ ದೇಶದ ಮೇಲೆ ನನಗೂ ಸ್ವಲ್ಪ ಹಕ್ಕು ಬಾರದೆ ಇರುತ್ತದೆಯೇ? ಟಪಾಲು ಚೀಲದ ಜೊತೆ ಹಡಗಿನಲ್ಲಿ ಹೋಗಿ ಅಲ್ಲಿ ಆರು ತಿಂಗಳಿದ್ದೆ ಎಂದು ಮೊಮ್ಮಗಳಿಗೆ ಹೇಳಿದೆ. ಅಲ್ಲಿ ಪಾಠ ನಡೆಯುವುದು ದೋಣಿಗಳಲ್ಲಿ; ಒಂದು ದೊಡ್ಡ ಅಲೆ ಬಂದರೆ ಸಾಕು, ಹಿಂದಿನ ಸಾಲಿನವರು ಮುಂದಿನ ಸಾಲಿಗೆ ಬಂದುಬಿಡುತ್ತಾರೆ; ಹಾಗಾಗಿ ಆ ದೇಶದಲ್ಲಿ ದಡ್ಡರೇ ಇಲ್ಲ ಎಂದೂ ಹೇಳಿದೆ.

ದೋಣಿಯ ಸುಳ್ಳನ್ನು ಅವಳು ಹತ್ತನೆಯ ವರ್ಷಕ್ಕೇ ಹಿಡಿದಿದ್ದಳು. ಆರು ತಿಂಗಳನ್ನು ಮಾತ್ರ ನಿಜವೆಂದೇ ಇಟ್ಟುಕೊಂಡಿದ್ದಳು. ನಮ್ಮ ದೇಶವನ್ನೇ ಏಕೆ ಆರಿಸಿದಿರಿ ಎಂಬ ಜಾಗದಲ್ಲಿ, ನನ್ನ ತಾತ ಅಲ್ಲಿ ಆರು ತಿಂಗಳಿದ್ದವರು ಎಂದು ಅರ್ಜಿಯಲ್ಲಿ ಬರೆದೂ ಬಿಟ್ಟಿದ್ದಳು. ದ್ವೀಪದ ಶಾಲೆಯ ಹೆಡ್‌ಮೇಡಂಗೆ ಅದು ಎಷ್ಟು ಹಿಡಿಸಿತೆಂದರೆ, ತಾತನ ಜೊತೆ ತಾನೇ ಮಾತಾಡಬೇಕು ಎಂದರು.

ಗುರುವಾರ ನಾಲ್ಕು ಗಂಟೆಗೆ ಬ್ರೆಡ್ಡಿನ ಡಬ್ಬಕ್ಕೆ ಫೋನ್ ಒರಗಿಸಿ ನನ್ನನ್ನು ಎದುರಿಗೆ ಕೂರಿಸಿದರು. ಫೋನಿನಲ್ಲಿ ಬೆಳ್ಳಗಿನ ತಲೆಯ ಹೆಂಗಸು. ಅವರ ಇಂಗ್ಲಿಷನ್ನು ಇನ್ಸ್‌ಪೆಕ್ಟರ್ ನನಗೆ ಹೇಳಬೇಕು, ನನ್ನ ಮಾತನ್ನು ಅವರಿಗೆ ಹೇಳಬೇಕು.

"ತಾತ, ನೀನು ಯಾವ ಬೀದೀಲಿದ್ದೆ ಅಂತ ಕೇಳ್ತಿದ್ದಾರೆ. ಬಂದರಿನ ಗಡಿಯಾರದ ಹತ್ರಾನಾ ಅಂತ."

ಹೂಂ ಅಂದರೆ ಮುಗಿಯುತ್ತಿತ್ತು. ಮೊಮ್ಮಗಳು ಪೆನ್ಸಿಲ್ ಹಿಡಿದು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ಆರು ತಿಂಗಳನ್ನು ನಂಬಿ ಸಮುದ್ರ ದಾಟಲು ಹೊರಟಿದ್ದಾಳೆ.

"ನಾನು ಹೋಗಿಲ್ಲ ಪುಟ್ಟಿ."

"ಯಾವ ಬೀದಿಗೆ?"

"ಆ ದೇಶಕ್ಕೆ."

"ಮತ್ತೆ ಆರು ತಿಂಗಳು?"

"ಸ್ಟೂಲಿನ ತನಕ ಹೋಗಿದ್ದೆ ಅಷ್ಟೆ. ಹತ್ತಿ ಕಾಗದ ಹಾಕ್ತಿದ್ದೆ, ಇಳೀತಿದ್ದೆ."

"ಮಾವ!" ಎಂದಳು ಹಿಂದೆ ನಿಂತಿದ್ದ ಸೊಸೆ. "ಇದನ್ನ ಇವತ್ತೇ ಹೇಳ್ಬೇಕಿತ್ತಾ?"

ಇನ್ಸ್‌ಪೆಕ್ಟರ್ ಕಿವಿ ಕೆಂಪಾಯಿತು. ಪೆನ್ಸಿಲ್ ಕೆಳಗಿಟ್ಟಳು. ಫೋನಿನ ಕಡೆ ತಿರುಗಿ ನನ್ನ ಮಾತನ್ನೆಲ್ಲ ಒಂದಕ್ಷರ ಬಿಡದೆ ಇಂಗ್ಲಿಷಿಗೆ ಹಾಕಿದಳು. ಸ್ಟೂಲನ್ನಾದರೂ ಬಿಡುತ್ತಾಳೇನೋ ಅಂದುಕೊಂಡೆ. ಬಿಡಲಿಲ್ಲ. ಆಮೇಲೆ ತನ್ನದೂ ಒಂದು ಮಾತು ಸೇರಿಸಿದಳು: ಅರ್ಜಿಯಲ್ಲಿ ಬರೆದದ್ದು ತಪ್ಪು, ದಯವಿಟ್ಟು ಹೊಡೆದುಹಾಕಿ, ನಾಲ್ಕು ವರ್ಷದ ನನ್ನ ಕೆಲಸ ನೋಡಿ ತೀರ್ಮಾನಿಸಿ.

ಹೆಡ್‌ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕೆಲಸ ನಿಮ್ಮದೇ, ಬನ್ನಿ ಎಂದರು.

ಬೇರೆ ಯಾರಾದರೂ ಆಗಿದ್ದರೆ ಥ್ಯಾಂಕ್ಸ್ ಹೇಳಿ ಫೋನ್ ಇಡುತ್ತಿದ್ದರು. ಇವಳು ವಿಚಾರಣೆ ಶುರುಮಾಡಿದಳು. ಮೊದಲ ದಿನ ನನ್ನೆದುರಿಗೆ ಯಾರು ಕೂತಿರುತ್ತಾರೆ? ಆರೇಳು ವರ್ಷದ ನಲವತ್ತು ಮಕ್ಕಳು. ಏನು ಕಲಿಸಬೇಕು? ಪಾಠವೆಲ್ಲ ಅಚ್ಚಾಗಿದೆ, ನೀವು ಹೇಳಿಕೊಡಿ, ಅವರು ಒಟ್ಟಿಗೆ ಹೇಳುತ್ತಾರೆ. ಒಂದು ಮಗು ಬಾಯಿ ಬಿಡದಿದ್ದರೆ?

ನಲವತ್ತು ಜನ ಕೂಗುವಾಗ ಅದೆಲ್ಲ ಗೊತ್ತಾಗುವುದಿಲ್ಲ, ಚಿಂತೆ ಮಾಡಬೇಡಿ ಎಂದರು ಅವರು.

ಫೋನ್ ಇಟ್ಟ ಮೇಲೆ ಎರಡು ಗಂಟೆ ನನ್ನ ಜೊತೆ ಮಾತಿಲ್ಲ. ಪಾಪ, ಸೊಸೆ ಇಬ್ಬರಿಗೂ ಬೇರೆ ಬೇರೆ ಕಡೆ ಟೀ ತಂದಿಟ್ಟಳು. ಕೊನೆಗೆ ಇನ್ಸ್‌ಪೆಕ್ಟರೇ ಬಂದು ಬಾಗಿಲಲ್ಲಿ ನಿಂತಳು.

"ಹದಿನೆಂಟು ವರ್ಷದಿಂದ ಹೇಳ್ಕೊಂಡು ಬಂದಿದ್ದೀಯಲ್ಲ ತಾತ."

"ಹತ್ತೊಂಬತ್ತು," ಎಂದೆ.

"ಇದರಲ್ಲಿ ಮಾತ್ರ ನಿನ್ನ ಲೆಕ್ಕ ಸರಿಯಾಗಿರತ್ತೆ!"

ಬಯ್ದಳು. ಬಯ್ಯಲಿ ಬಿಡಿ, ಬಯ್ಯುವವಳು ಮಾತಾಡುತ್ತಿದ್ದಾಳೆ ಅಂತ ತಾನೇ ಅರ್ಥ.

ಮಾರನೆಯ ಬೆಳಿಗ್ಗೆ ಹಿಮದ ದೇಶಕ್ಕೆ ಫೋನ್ ಮಾಡಿ ಅವೇ ಪ್ರಶ್ನೆಗಳನ್ನು ಕೇಳಿದಳು. ಅಲ್ಲಿದ್ದದ್ದು ಹನ್ನೊಂದು ಜನ, ಎಲ್ಲರೂ ದೊಡ್ಡವರು, ಬಸ್ ಓಡಿಸುವವರು, ಹೋಟೆಲಿನಲ್ಲಿ ಕೆಲಸ ಮಾಡುವವರು. ಊರಿಗೆ ಬರುವ ಹೊರಗಿನವರ ಜೊತೆ ಮಾತಾಡಲು ಇಂಗ್ಲಿಷ್ ಬೇಕು. ಬಾಯಿ ಬಿಡದವರಿದ್ದಾರಾ ಎಂದದ್ದಕ್ಕೆ, ಇಬ್ಬರಿದ್ದಾರೆ, ಏನು ಮಾಡಬೇಕೋ ನಮಗೂ ತೋಚಿಲ್ಲ, ನಿಮಗೇನಾದರೂ ಗೊತ್ತಾ ಎಂದು ಅವರೇ ಇವಳನ್ನು ಕೇಳಿದರು.

"ಅಮ್ಮಾ, ಸ್ವೆಟರ್ ಎಲ್ಲಿಟ್ಟಿದ್ದೀಯ?" ಎಂದು ಒಳಗೆ ಕೂಗಿದಳು. ಅಷ್ಟೇ, ದೇಶ ಗೊತ್ತಾಯಿತು.

"ಅಲ್ಲ ತಾತ, ಈ ದೇಶದ ಬಗ್ಗೆ ಒಂದು ಕತೆನೂ ಹೇಳಿಲ್ವಲ್ಲ ನೀನು?"

"ಅದರ ಗೂಡು ನನ್ನ ಕಪಾಟಲ್ಲಿರ್ಲಿಲ್ಲ ಕಣೇ. ಪಕ್ಕದವನದು. ಅವನಿಗೆ ಕತೆ ಕಟ್ಟೋಕೆ ಬರ್ತಿರ್ಲಿಲ್ಲ, ಪಾಪ."

"ಒಳ್ಳೇದಾಯ್ತು. ನಾನೇ ನೋಡಿ ಹೇಳ್ತೀನಿ. ನೀನು ಸೇರಿಸೋ ಹಾಗಿಲ್ಲ."

ಹೋಗಿ ಐದು ತಿಂಗಳಾಯಿತು. ಅಳುತ್ತಾ ಒಂದು ದಿನವೂ ಫೋನ್ ಮಾಡಿಲ್ಲ. ಬಾಯಿ ಬಿಡದ ಇಬ್ಬರಲ್ಲಿ ಒಬ್ಬ ಡ್ರೈವರು. ಅವನ ಬಸ್ಸಿನಲ್ಲಿ ಒಂಬತ್ತು ದಿನ ಕೊನೆಯ ನಿಲ್ದಾಣದ ತನಕ ಹೋಗಿ ಬಂದಳಂತೆ. ಹತ್ತನೆಯ ದಿನ ಅವನು ನಿಲ್ದಾಣದ ಹೆಸರನ್ನೆಲ್ಲ ಇಂಗ್ಲಿಷಿನಲ್ಲೇ ಕೂಗಿದನಂತೆ. ಇನ್ನೊಬ್ಬಳ ಹೋಟೆಲಿಗೆ ಮುಂದಿನ ವಾರ ಹೋಗುತ್ತಾಳೆ.

ಹಿಮ ಕಿಟಕಿಯ ತನಕ ಬಂದಿದೆ ಎಂದಳು ಮೊನ್ನೆ. ಕ್ಷೌರದ ಅಂಗಡಿಯಲ್ಲಿ ನಾನೂ ಕಿಟಕಿಯ ತನಕ ಎಂದೇ ಹೇಳಿದೆ. ಎರಡನೇ ಮಹಡಿಯ ಕಿಟಕಿ ಅಂದೆ, ಅಷ್ಟೆ.